ಇಲ್ಲದ ಕ್ಷೇತ್ರ, ಮಡಿಸಿದ ಚೀಟಿ

ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆ ಮುರಿಯುತ್ತಾ ನಮ್ಮ ಅತ್ತೆ ಪಕ್ಕದಲ್ಲಿ ಕೂತಿದ್ದ ಆಂಟಿಯೊಬ್ಬರಿಗೆ ಹೇಳಿದರು: "ನಮ್ಮ ಸೊಸೆ ಇಂಗ್ಲೆಂಡಿನ ಒಂದು ಕ್ಷೇತ್ರದ ಬಗ್ಗೆ ಪುಸ್ತಕ ಬರೀತಿದಾಳೆ." ಆಂಟಿ ತಿನ್ನುವುದನ್ನು ನಿಲ್ಲಿಸಿ ಭಕ್ತಿಯಿಂದ ಕೇಳಿದರು: "ಹೌದಾ? ಅಲ್ಲಿ ಯಾವ ದೇವ್ರು?" ಅತ್ತೆ ತುಸು ಯೋಚಿಸಿ, "ಉಗ್ರನರಸಿಂಹ ಇರ್ಬೇಕು. ಇವಳು ಬರಿಯೋಕೆ ಕೂತಾಗ ಮುಖ ನೋಡೋಕಾಗಲ್ಲ" ಅಂದರು.

ನಾನು ಎದುರಿಗೇ ಕೂತಿದ್ದೆ. ಅದು ಪಾರ್ಲಿಮೆಂಟಿನ ಮತಕ್ಷೇತ್ರ, ತೀರ್ಥಕ್ಷೇತ್ರವಲ್ಲ ಎಂದು ವಿವರಿಸಿದೆ. ಆಂಟಿಯ ಮುಖದಲ್ಲಿದ್ದ ಭಕ್ತಿ ಇಳಿದುಹೋಯಿತು. ಅತ್ತೆಗೆ ಮಾತ್ರ ಏನೂ ಅನ್ನಿಸಲಿಲ್ಲ. "ಅಲ್ಲೂ ಅಡ್ಡ ಬೀಳೋದೇ ತಾನೆ" ಎಂದು ಚಟ್ನಿ ಕೇಳಿದರು.

ಅವರು ಹೇಳಿದ್ದು ನಿಜವೇ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಒಂದು ಕೌಂಟಿಯನ್ನು, ಅಂದರೆ ಜಿಲ್ಲೆಯನ್ನು, ಎರಡು ಹೋಳು ಮಾಡಿ, ಒಂದೊಂದು ಹೋಳಿಗೂ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುವ ಹಕ್ಕು ಕೊಟ್ಟಿದ್ದರು. ಅದರಲ್ಲಿ ಒಂದು ಹೋಳು ನನ್ನ ಪುಸ್ತಕದ ವಿಷಯ. ಅರ್ಧ ಶತಮಾನ ಕಳೆದ ಮೇಲೆ ಗೆರೆಗಳನ್ನು ಬೇರೆ ರೀತಿ ಎಳೆದು ಅದನ್ನು ಅಳಿಸಿಬಿಟ್ಟರು. ಮೈಸೂರಿನಲ್ಲಿ ಎಂ.ಎ. ಮುಗಿಸಿದಾಗ ನನ್ನ ಮೇಷ್ಟ್ರು ಈ ವಿಷಯ ಕೊಟ್ಟಿದ್ದರು. "ತಗೊಳಮ್ಮ, ಇದರ ಮೇಲೆ ನಿನ್ನ ಜೊತೆ ಜಗಳಕ್ಕೆ ಯಾರೂ ಬರಲ್ಲ" ಅಂದಿದ್ದರು. ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ, ಪ್ರಬಂಧ ಅಲ್ಲೇ ನಿಂತಿತು. ಕಮ್ಯೂನಿಟಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಮತ್ತೆ ಕೈಗೆತ್ತಿಕೊಂಡಿದ್ದೇನೆ, ಅದೂ ಕನ್ನಡದಲ್ಲಿ. ಯಾರು ಓದುತ್ತಾರೆ ಎಂದು ನನ್ನನ್ನು ಕೇಳಬೇಡಿ. ವಾರಕ್ಕೆರಡು ಸಲ ನಾವಿರುವ ಸಮರ್‌ಸೆಟ್‌ನಿಂದ ಪ್ರಿನ್ಸ್‌ಟನ್ನಿಗೆ ಡ್ರೈವ್ ಮಾಡಿ ಗ್ರಂಥಾಲಯದಲ್ಲಿ ಕೂರುತ್ತೇನೆ. ಸಂಜೆ ಬಂದು ಓದಿದ್ದನ್ನು ಅತ್ತೆಗೆ ಹೇಳುತ್ತೇನೆ. ನನಗಿರುವ ಒಬ್ಬರೇ ಶ್ರೋತೃ ಅವರು.

ಆ ಕ್ಷೇತ್ರದ ಚುನಾವಣೆಗಳಲ್ಲಿ ಬಹುಪಾಲು ನಡೆದೇ ಇರಲಿಲ್ಲ. ಅಲ್ಲಿ ಎರಡು ದೊಡ್ಡ ಜಮೀನ್ದಾರಿ ಮನೆತನಗಳಿದ್ದವು, ಎರಡೂ ಬೇರೆ ಬೇರೆ ಪಕ್ಷ. ಹೊಡೆದಾಡಿಕೊಳ್ಳುವುದು ಯಾಕೆ ಎಂದು ಎರಡು ಸ್ಥಾನಗಳನ್ನು ಒಂದೊಂದು ಹಂಚಿಕೊಂಡರು. ಚುನಾವಣೆಯ ದಿನ ಪಟ್ಟಣದ ಚೌಕದಲ್ಲಿ ಮರದ ಅಟ್ಟ ಕಟ್ಟುವರು. ಒಬ್ಬ ಹೆಸರು ಸೂಚಿಸುವನು, ಇನ್ನೊಬ್ಬ ಅನುಮೋದಿಸುವನು, ಬೇರೆ ಹೆಸರಿಲ್ಲವಾದ್ದರಿಂದ ಅಲ್ಲಿಗೆ ಮುಗಿಯಿತು, ಎಲ್ಲರೂ ಊಟಕ್ಕೆ ಹೋಗುವರು. ಓಟಿನ ಹಕ್ಕು ಪಡೆದು, ಅದನ್ನು ಒಮ್ಮೆಯೂ ಚಲಾಯಿಸದೆ ಸತ್ತುಹೋದ ರೈತರು ಅಲ್ಲಿ ಬೇಕಾದಷ್ಟು ಜನ. ಇಂಥ ವರ್ಷಗಳ ಮುಂದೆಲ್ಲ ನಾನು 'ಅವಿರೋಧ ಆಯ್ಕೆ' ಎಂದು ಬರೆದುಕೊಂಡಿದ್ದೆ. ಬರೆಯುವಾಗೆಲ್ಲ ಈ ಮಾತನ್ನು ಎಲ್ಲೋ ಪದೇ ಪದೇ ಕೇಳಿದ್ದೇನೆ ಅನ್ನಿಸುತ್ತಿತ್ತು.

ಕೇಳಿದ್ದು ನಮ್ಮ ಕನ್ನಡ ಸಂಘದಲ್ಲೇ. ಹಾಲ್ ಹುಡುಕುವುದರಿಂದ ಹಿಡಿದು ಹೋಳಿಗೆ ತರಿಸುವವರೆಗೆ ಎಲ್ಲದಕ್ಕೂ ಜಗಳವಾಡುವ ನಾವು ಅಧ್ಯಕ್ಷರನ್ನು ಆರಿಸುವಾಗ ಮಾತ್ರ ಜಗಳವಾಡಿದವರಲ್ಲ. ಯುಗಾದಿಗೆ ಮೊದಲು ಹಿರಿಯರು ನಾಲ್ಕಾರು ಜನ ಯಾರದಾದರೂ ಬೇಸ್‌ಮೆಂಟಿನಲ್ಲಿ ಕಾಫಿಗೆ ಸೇರುತ್ತಾರೆ. ಯುಗಾದಿಯ ದಿನ ಊಟಕ್ಕೆ ಮುಂಚೆ, ಎಲ್ಲರಿಗೂ ಹಸಿವಾಗಿರುವ ಹೊತ್ತಿನಲ್ಲಿ ಸಭೆ. ಒಬ್ಬರು ಸೂಚಿಸಿ, ಒಬ್ಬರು ಅನುಮೋದಿಸಿ, ಚಪ್ಪಾಳೆ. ಮರುದಿನ ಎಲ್ಲರ ಫೋನಿಗೂ ಹಾರ ಹಾಕಿಕೊಂಡ ಫೋಟೋ ಬರುತ್ತದೆ, ಕೆಳಗೆ 'ಅವಿರೋಧವಾಗಿ ಆಯ್ಕೆ' ಎಂದು. ನಾನೂ ವರ್ಷಾನುಗಟ್ಟಲೆ ಅದಕ್ಕೆ ಕೈಮುಗಿದ ಚಿತ್ರ ಕಳಿಸಿದ್ದೇನೆ.

ಈ ಸಲ ಹಾಗಾಗಲಿಲ್ಲ. ಭಾನುವಾರದ ಕನ್ನಡ ತರಗತಿ ನನ್ನದು. ಒಂದು ಶಾಲೆಯ ಕೋಣೆಯಲ್ಲಿ ನಡೆಸುತ್ತೇನೆ. ಅದನ್ನು ಮುಂದಿನ ವರ್ಷದಿಂದ ಆನ್‌ಲೈನ್ ಮಾಡುವುದೆಂದು ಕಾಫಿಯ ಹಿರಿಯರು ತೀರ್ಮಾನಿಸಿದ್ದರು, ನನ್ನನ್ನು ಕೇಳದೆ. ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತವೆ, ಅದು ಇದ್ದದ್ದೇ. ಆದರೆ ಕೋಣೆಯಲ್ಲಿ ಎದುರು ಕೂರಿಸಿಕೊಂಡರೆ 'ಳ' ಹೇಳುವಾಗ ನಾಲಿಗೆ ಎಲ್ಲಿ ಮಡಿಸಬೇಕೆಂದು ಬಾಯಿ ತೆರೆದು ತೋರಿಸಬಹುದು. ಪರದೆಯ ಮೇಲೆ ಹಾಲೂ ಒಂದೇ, ಹಾಳೂ ಒಂದೇ. ನನಗೆ ಸಿಟ್ಟು ಬಂತು. ಅಧ್ಯಕ್ಷತೆಗೆ ನಿಲ್ಲುತ್ತೇನೆಂದು ಎಲ್ಲ ಸದಸ್ಯರಿಗೂ ಇಮೇಲ್ ಹಾಕಿಬಿಟ್ಟೆ.

ಎರಡೇ ದಿನದಲ್ಲಿ ಅಂಕಲ್ ಮನೆಗೆ ಬಂದರು. ಸಂಘ ಕಟ್ಟಿದವರಲ್ಲಿ ಒಬ್ಬರು, ಮಕ್ಕಳು ಕರೆದು ಕರೆದು ನಮಗೂ ಅಂಕಲ್ ಆದವರು. ಹಿಮ ಮೆತ್ತಿದ ಬೂಟು ಬಾಗಿಲಲ್ಲೇ ಬಿಟ್ಟು, ಅತ್ತೆಯ ಮಂಡಿನೋವು ವಿಚಾರಿಸಿ, ಕಾಫಿ ಕುಡಿದು, ಆಮೇಲೆ ವಿಷಯಕ್ಕೆ ಬಂದರು.

"ನೋಡಮ್ಮ, ನಮ್ಮಲ್ಲಿ ಇಷ್ಟು ವರ್ಷದಲ್ಲಿ ವೋಟಿಂಗ್ ಅನ್ನೋದೇ ಆಗಿಲ್ಲ. ಎವೆರಿಥಿಂಗ್ ಯುನಾನಿಮಸ್. ಈ ಸಲ ಧಾರವಾಡದ ಹುಡುಗನಿಗೆ ಅಂತ ಮಾತಾಗಿದೆ. ನೀನು ವೈಸ್ ಪ್ರೆಸಿಡೆಂಟ್ ಆಗು. ಅವನೂ ಖುಷಿ, ನೀನೂ ಖುಷಿ."

ಎರಡು ಸ್ಥಾನ, ಒಂದೊಂದು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಬೇಸರವಾಯಿತು. "ನಗೋ ವಿಷಯ ಅಲ್ಲಮ್ಮ. ಒಂದು ಸಲ ಎಣಿಸೋಕೆ ಶುರು ಮಾಡಿದ್ರೆ ಜನ ಎರಡು ಭಾಗ ಆಗ್ತಾರೆ" ಅಂದರು. ಅವರ ಭಯ ಸುಳ್ಳಲ್ಲ, ಸಂಘಗಳು ಒಡೆದು ಹೋಳಾದದ್ದನ್ನು ನಾನೂ ಕಂಡಿದ್ದೇನೆ. ನನ್ನವರು ಪಕ್ಕದಲ್ಲೇ ಕೂತು ಅವರ ಮಾತಿಗೆಲ್ಲ ತಲೆಯಾಡಿಸುತ್ತಿದ್ದರು. ಅವರಿಗೆ ಮನೆಯಲ್ಲಿ, ಸಂಘದಲ್ಲಿ, ಟೀವಿಯಲ್ಲಿ ಎಲ್ಲ ಕಡೆ ಶಾಂತಿ ಬೇಕು.

ಅತ್ತೆ ಲೋಟ ಕೆಳಗಿಟ್ಟು ಕೇಳಿದರು: "ನಾನೂ ಲೈಫ್ ಮೆಂಬರ್ ತಾನೆ? ಇಷ್ಟು ವರ್ಷ ಯುನಾನಿಮಸ್ ಅಂತೀರಲ್ಲ, ನನ್ನನ್ನ ಯಾರು ಕೇಳಿದ್ರು?"

ಅಂಕಲ್ ಎದ್ದು ಬೂಟು ಹಾಕಿಕೊಂಡರು. ನಾನು ಹೆಸರು ಹಿಂತೆಗೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ಅತ್ತೆಗೆ ಇನ್ನೊಂದು ಲೋಟ ಕಾಫಿ ಕೊಟ್ಟು, ಊರಿನಲ್ಲಿ ನೀವು ಓಟು ಹಾಕುತ್ತಿದ್ದಿರಲ್ಲ, ಹೇಗಿತ್ತು ಎಂದು ಕೇಳಿದೆ. "ಹೇಗಿರುತ್ತೆ? ನಿಮ್ಮ ಮಾವ ದಾರಿಯಲ್ಲಿ ಗುರುತು ಹೇಳೋರು. ಒತ್ತಿ ಬರ್ತಿದ್ದೆ. ಈಚೆ ಬಂದ ಕೂಡ್ಲೇ 'ಸರಿಯಾಗಿ ಹಾಕಿದ್ಯಾ' ಅನ್ನೋರು. ಹೂಂ ಅಂತಿದ್ದೆ." ಮಾವ ಒಳ್ಳೆಯವರು. ಕೇಳುವುದರಲ್ಲಿ ತಪ್ಪಿದೆಯೆಂದು ಅವರಿಗೆ ಹೊಳೆದೇ ಇರಲಿಕ್ಕಿಲ್ಲ.

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು ಆ ಕ್ಷೇತ್ರದಲ್ಲಿ ನಿಜವಾಗಿ ನಡೆದ ಒಂದು ಸ್ಪರ್ಧೆಯ ಬಗ್ಗೆ. ಧಣಿಗಳು ಬೇಟೆಗೆಂದು ಸಾಕಿಕೊಂಡ ಮೊಲಗಳು ಗೇಣಿದಾರರ ಪೈರು ತಿನ್ನುತ್ತಿದ್ದವು. ಅವನ್ನು ಹೊಡೆಯುವ ಹಕ್ಕು ರೈತರಿಗಿರಲಿಲ್ಲ. ಇದನ್ನೇ ಹಿಡಿದುಕೊಂಡು ಮೂರನೆಯವನೊಬ್ಬ ನಿಂತ, ಓಟು ನಡೆಯಲೇಬೇಕಾಯಿತು. ಅತ್ತೆ ಅವನಿಗೆ 'ಮೊಲದೋನು' ಎಂದು ಹೆಸರಿಟ್ಟು, ದಿನಾ ಸಂಜೆ "ಇವತ್ತು ಮೊಲದೋನು ಏನು ಮಾಡ್ದ" ಎಂದು ವಿಚಾರಿಸುತ್ತಿದ್ದರು. ಆಗ ಗುಪ್ತ ಮತದಾನವಿರಲಿಲ್ಲ. ಓಟುದಾರ ಅಟ್ಟ ಹತ್ತಿ ಎಲ್ಲರೆದುರು ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಗುಮಾಸ್ತ ಬರೆದುಕೊಳ್ಳುವನು, ಕೆಳಗೆ ಧಣಿಯ ಪಾರುಪತ್ತೇಗಾರ ಕಿವಿಗೊಟ್ಟು ನಿಂತಿರುವನು. ನೆಲ ಧಣಿಯದು, ಬಾಯಿ ಗೇಣಿದಾರನದು.

ಯುಗಾದಿಯ ಸಭೆಯಲ್ಲಿ ಅಂಕಲ್ ಮೈಕ್ ಹಿಡಿದು, ಈ ವರ್ಷ ಎರಡು ಹೆಸರುಗಳು ಬಂದಿವೆ ಎಂದು ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ ಹೇಳಿದರು. ಒಳಗಿನಿಂದ ಹೋಳಿಗೆಯ ತುಪ್ಪದ ವಾಸನೆ ಬರುತ್ತಿತ್ತು. "ಕೈ ಎತ್ತಿಬಿಡಿ, ಬೇಗ ಮುಗಿಯುತ್ತೆ" ಅಂದರು. ನಾನು ಎದ್ದು ನಿಂತು ಚೀಟಿಯಲ್ಲೇ ಆಗಬೇಕೆಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಧಾರವಾಡದ ಹುಡುಗ ಹುಡುಗನೇನಲ್ಲ, ನಲವತ್ತು ದಾಟಿದ ಐಟಿ ಮನುಷ್ಯ. ಅವನು ಅಲ್ಲಿಂದಲೇ "ಮೇಡಂ ಹೇಳೂದು ಬರೋಬರಿ ಅದ ರೀ. ಚೀಟಿ ಮಾಡೂಣು" ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ. ಸಂಘದ ಪ್ರತಿ ಪಿಕ್ನಿಕ್ಕಿನಲ್ಲೂ ಅತ್ತೆಗೆ ನೆರಳಿನಲ್ಲಿ ಕುರ್ಚಿ ಹಾಕಿ, ಪಕ್ಕದಲ್ಲಿ ಕೂತು ಅವರ ಕಥೆ ಕೇಳುವವನು ಅವನೊಬ್ಬನೇ.

ನನ್ನ ತರಗತಿಯ ಕಾಪಿ ಹಾಳೆಗಳನ್ನು ಹರಿದು ಚೀಟಿ ಮಾಡಿದೆವು. ಕೋಡುಬಳೆಯ ಡಬ್ಬ ಖಾಲಿ ಮಾಡಿ ಪೆಟ್ಟಿಗೆ ಮಾಡಿದೆವು. ಸಾಲು ನಿಂತಿತು. ನನ್ನವರು ಅತ್ತೆಯ ಹತ್ತಿರ ಹೋಗಿ, "ಅಮ್ಮ, ನಾನು ಬರ್ದು ಕೊಡ್ಲಾ?" ಎಂದರು.

"ಬೇಡ. ನಂಗೆ ಬರಿಯೋಕೆ ಬರುತ್ತೆ."

ಅವರು ಕೋಲೂರಿಕೊಂಡು ವೇದಿಕೆಯ ಪರದೆಯ ಹಿಂದೆ ಹೋದರು. ಬಹಳ ಹೊತ್ತಾಯಿತು. ಒಂದು ಹೆಸರು ಬರೆಯಲು ಇಷ್ಟು ಹೊತ್ತು ಯಾಕೆ ಎಂದು ನನಗೆ ಒಳಗೊಳಗೇ ಕಸಿವಿಸಿ. ಕೊನೆಗೆ ಈಚೆ ಬಂದು, ಮಡಿಸಿ ಮಡಿಸಿ ಗುಳಿಗೆಯಷ್ಟಾಗಿದ್ದ ಚೀಟಿಯನ್ನು ಡಬ್ಬಕ್ಕೆ ಹಾಕಿ, ಬೆರಳಿನಿಂದ ಒತ್ತಿದರು. ನನ್ನ ಕಡೆ ನೋಡಲಿಲ್ಲ.

ನಾನು ಸೋತೆ. ತರಗತಿಯ ಮಕ್ಕಳ ತಂದೆತಾಯಿಯರೆಲ್ಲ ನನ್ನ ಕಡೆ ಎಂದುಕೊಂಡಿದ್ದೆ, ಡಬ್ಬದಲ್ಲಿ ಅವರು ಅಷ್ಟು ಜನ ಇರಲಿಲ್ಲ. ಭಾನುವಾರ ಬೆಳಿಗ್ಗೆ ಮಲಗಿರಲು ಸಿಕ್ಕರೆ ಯಾರು ಬೇಡವೆನ್ನುತ್ತಾರೆ. ಹಾಗೆಂದು ಸಮಾಧಾನ ಮಾಡಿಕೊಂಡೆ. ಹೋಳಿಗೆ ಮಾತ್ರ ಒಳಗೆ ಇಳಿಯಲಿಲ್ಲ. ಹೊಸ ಅಧ್ಯಕ್ಷ ಬಂದು "ಮೇಡಂ, ತಿಂಗಳಿಗೊಮ್ಮೆ ಕೋಣಿ ತಗೊಳ್ಳೂಣು ರೀ" ಎಂದ. ತಿಂಗಳಿಗೊಮ್ಮೆ ನಾಲಿಗೆ ಮಡಿಸಿದರೆ 'ಳ' ಬರುವುದಿಲ್ಲ. ಆದರೂ ಹೂಂ ಅಂದೆ.

ಮನೆಗೆ ಬರುವಾಗ ಕಾರು ಈಸ್ಟನ್ ಅವೆನ್ಯೂವಿನ ಸಿಗ್ನಲ್ಲಿನಲ್ಲಿ ನಿಂತಾಗ ನನ್ನವರು ಕನ್ನಡಿಯಲ್ಲಿ ನೋಡಿ ಕೇಳಿದರು: "ಅಮ್ಮ, ನೀನು ಯಾರಿಗೆ ಹಾಕ್ದೆ?"

"ಹೇಳಲ್ಲ."

"ಮನೆಯವರ ಹತ್ರ ಏನಮ್ಮ ಗುಟ್ಟು?"

"ಹೇಳೋ ಹಾಗಿದ್ರೆ ಕೈಯೇ ಎತ್ತಬಹುದಿತ್ತಲ್ಲ" ಎಂದು ಶಾಲು ಹೊದ್ದುಕೊಂಡರು.

ನನಗೆ ಸೋತದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ನನಗೇ ಹಾಕಿದ್ದರೆ ಹೇಳದೆ ಇರುತ್ತಿದ್ದರೇ? ಧಾರವಾಡದವನ ಕುರ್ಚಿ, ನೆರಳು, ಕೇಳಿದ ಕಥೆಗಳು ಎಲ್ಲ ನೆನಪಾದವು. ಗುಡಿಗೆ, ಡಾಕ್ಟರ ಹತ್ತಿರಕ್ಕೆ, ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋದದ್ದು ಯಾರು ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಬೇಡವೆಂದರೂ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಬರೆಯಲು ಕೂತಿದ್ದೆ. ಅತ್ತೆ ತಾವೇ ಕಾಫಿ ಬೆರೆಸಿ ತಂದು ನನ್ನ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತರು.

"ಮೊಲದೋನು ಗೆದ್ನಾ?"

"ಇಲ್ಲ ಅತ್ತೆ. ಸೋತ."

"ಅವನಿಗೆ ಓಟು ಹಾಕಿದೋರು ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಗದೇ ಏನು? ಚುನಾವಣೆ ಆದ್ಮೇಲೆ ಯಾರು ಯಾರಿಗೆ ಹಾಕಿದ್ರು ಅಂತ ಪುಸ್ತಕ ಅಚ್ಚು ಹಾಕಿ ಮಾರೋರು. ಎಲ್ಲರ ಹೆಸರೂ ಇದೆ."

"ಪಾಪ. ಆಮೇಲೆ?"

"ಕೆಲವರಿಗೆ ಮುಂದಿನ ವರ್ಷ ಗೇಣಿ ಸಿಗಲಿಲ್ಲ. ಜಮೀನು ಬಿಟ್ಟು ಹೋಗಬೇಕಾಯ್ತು."

"ಧಣಿಗಳು ಕೆಟ್ಟೋರಾ?"

"ಹಾಗೇನಿಲ್ಲ. ಶಾಲೆ ಕಟ್ಟಿಸಿದ್ರು, ಕಾಯಿಲೆಗೆ ಔಷಧಿ ಕೊಡ್ತಿದ್ರು. ಇಷ್ಟೆಲ್ಲ ಮಾಡಿದೀವಿ, ಓಟು ನಮಗೇ ಬರಬೇಕು ಅಂತ ಅವರಿಗೆ."

ಅತ್ತೆ ನನ್ನ ಕೈ ಮೇಲೆ ಕೈಯಿಟ್ಟರು. ದನಿಯಲ್ಲಿ ಕೊಂಕಿರಲಿಲ್ಲ, ಪ್ರೀತಿಯೇ ಇತ್ತು.

"ಅದಕ್ಕೇ ಕಣಮ್ಮ ಹೇಳಲ್ಲ ಅಂದಿದ್ದು. ನಾನು ನಿನ್ನ ಮನೇಲಿ ಇರೋಳು."

ಅವರು ಲೋಟ ತೆಗೆದುಕೊಂಡು ಅಡಿಗೆಮನೆಗೆ ಹೋದರು. ಯಾರಿಗೆ ಹಾಕಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಪೂರ್ತಿ ಹೋಗಿಲ್ಲ. ಕೇಳಬೇಕೆಂದು ಬಾಯಿಗೆ ಬಂದಾಗೆಲ್ಲ ಎದ್ದು ಹೋಗಿ ಅವರಿಗೆ ಕಾಫಿ ಬೆರೆಸುತ್ತೇನೆ.