ಸಿಟ್ಟು ಅಳೆಯಲು ಹೋದದ್ದು

ಚುನಾವಣೆ ಮುಗಿದ ಮೇಲೆ ಊರಿನವರ ಸಿಟ್ಟು, ಭಯ, ನಂಬಿಕೆಗಳು ಏನಾಗುತ್ತವೆ ಎಂಬುದು ನನ್ನ ಮನಃಶಾಸ್ತ್ರದ ಪಿಎಚ್‌ಡಿ ವಿಷಯವಾಗಿತ್ತು. ಗ್ರಾಮ ಪಂಚಾಯ್ತಿ ಚುನಾವಣೆಯಾದ ಎರಡು ವಾರಕ್ಕೆ ಪ್ರಶ್ನಾವಳಿಗಳ ಕಟ್ಟು ಹಿಡಿದು ಬೆಟಗೇರಿಯಿಂದ ಡಂಬಳಕ್ಕೆ ಹೋದೆ.

ಅಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರಿದ್ದರು. ಇಪ್ಪತ್ತು ವರ್ಷ ಒಟ್ಟಿಗೆ ಕೂತು ಮದುವೆ ಮನೆಗಳಿಗೆ ರೊಟ್ಟಿ ಬಡಿದುಕೊಟ್ಟವರು. ಹಿರಿಯಾಕೆಯ ಮೈದುನ ಚುನಾವಣೆಗೆ ನಿಂತಿದ್ದ; ಕಿರಿಯಾಕೆಯ ಗಂಡ ಎದುರಾಳಿಯ ಪರ ಓಡಾಡಿದ್ದ. ಮೈದುನ ಸೋತ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

“ಸಿಟ್ಟು ಎಷ್ಟೈತ್ರಿ? ಒಂದರಿಂದ ಐದರೊಳಗ ಹೇಳ್ರಿ,” ಎಂದು ಹಿರಿಯಾಕೆಯನ್ನು ಕೇಳಿದೆ.

“ಐದು ಸಾಲೂದಿಲ್ಲ ತಂಗಿ. ಮೈದುನ ಸೋತ ಮರುದಿನ ಮುಂಜಾನೆ ನನ್ನ ಹೊಸ್ತಿಲ ಮ್ಯಾಲ ಕುಂಕುಮ ಹಚ್ಚಿದ ಲಿಂಬಿಹಣ್ಣು ಬಿದ್ದಿತ್ತು. ಆಕಿನ ಇಟ್ಟಾಳ. ಅವತ್ತಿಂದ ಎಮ್ಮಿ ಸರಿಯಾಗಿ ಹಾಲು ಕೊಡವಲ್ದು.”

ಐದಕ್ಕೆ ಸುತ್ತು ಹಾಕಿ ಪಕ್ಕದ ಮನೆಗೆ ಹೋದೆ. ಕಿರಿಯಾಕೆ ಪ್ರಶ್ನೆ ಮುಗಿಯುವ ಮೊದಲೇ ಅತ್ತರು.

“ನನ್ನ ಬಾಗಲದಾಗ ಆಕಿ ಲಿಂಬಿಹಣ್ಣು ಇಟ್ಟಾಳ್ರಿ. ನಾ ಏನ ಮಾಡಿದ್ದೆ ಆಕಿಗೆ?”

ಅಂದರೆ ಮೂರನೆಯವರು ಯಾರೋ ಎರಡೂ ಮನೆಗೆ ಇಟ್ಟು ಹೋಗಿದ್ದರು. ಇಟ್ಟವರನ್ನು ಬಿಟ್ಟರೆ ಊರಲ್ಲಿ ಅದು ಗೊತ್ತಿದ್ದದ್ದು ಬಹುಶಃ ನನಗೊಬ್ಬಳಿಗೇ. ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬುದು ಅಧ್ಯಯನದ ನಿಯಮ. ನಿಯಮ ಸರಿಯಾದದ್ದೇ. ಆದರೆ “ನಿಮ್ಮ ಮಾತು ಅವರಿಗೆ ತಿಳಿಸಲಾ?” ಎಂದು ಒಪ್ಪಿಗೆ ಕೇಳಬಹುದಿತ್ತು. ಕೇಳಲಿಲ್ಲ. ಆರು ತಿಂಗಳಿಗೆ ಅದೇ ಪ್ರಶ್ನೆಗಳ ಎರಡನೇ ಸುತ್ತಿತ್ತು. ಸಿಟ್ಟು ತಾನಾಗಿ ಇಳಿಯುತ್ತದೋ ಇಲ್ಲವೋ ನೋಡಬೇಕಿತ್ತು. ನಡುವೆ ಬಾಯಿ ಹಾಕಿದರೆ ಉತ್ತರ ಕೆಡುತ್ತದೆಂದು ಹೆದರಿದೆ.

ಆರು ತಿಂಗಳ ಮೇಲೆ ಹೋದಾಗ ಪಕ್ಕದ ಮನೆಗೆ ಬೀಗ. ಕಿರಿಯಾಕೆಗೆ ಲಕ್ವಾ ಹೊಡೆದು ಮಾತು ಹೋಗಿತ್ತು. ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದರು. ಆಗ ನಿಯಮ ಬದಿಗಿಟ್ಟು ಹಿರಿಯಾಕೆಗೆ ಎಲ್ಲ ಹೇಳಿದೆ.

“ಆವಾಗ ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಹೇಳಬೇಕಿತ್ತಲ್ಲ ತಂಗಿ.”

ಮರುದಿನ ಇಬ್ಬರೂ ಮುಂಡರಗಿಗೆ ಹೋದೆವು. ಹಿರಿಯಾಕೆ ಮಂಚದ ಅಂಚಿಗೆ ಕೂತು ಗೆಳತಿಯ ಕೈ ಹಿಡಿದರು. “ನಾ ಇಟ್ಟಿದ್ದಿಲ್ಲವ್ವಾ. ನೀನೂ ಇಟ್ಟಿದ್ದಿಲ್ಲ. ಕೇಳಿಸ್ತೈತಿಲ್ಲೋ?” ಎಂದು ಮತ್ತೆ ಮತ್ತೆ ಹೇಳಿದರು. ಕಿರಿಯಾಕೆ ಅವರನ್ನೇ ನೋಡುತ್ತಿದ್ದರು. ಬಾಯಿ ಅಲುಗಿತು, ಶಬ್ದವಷ್ಟೇ ಬಂತು.

“ಅವ್ವಗ ಎಷ್ಟು ತಿಳೀತೈತೋ ಹೇಳಾಕ ಬರೂದಿಲ್ರಿ,” ಅಂದಳು ಮಗಳು.

ಹಿರಿಯಾಕೆ ಸೆರಗಿನಿಂದ ಗೆಳತಿಯ ಬಾಯಿ ಒರೆಸಿದರು, ಗಂಜಿ ಕುಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಮುಂದಿನ ಸೀಟಿನಲ್ಲಿ ಹೋಗಿ ಕೂತರು.

ಆ ಇಬ್ಬರ ಎರಡನೇ ಪ್ರಶ್ನಾವಳಿ ನಾನು ತುಂಬಲಿಲ್ಲ. ಪ್ರಬಂಧ ಒಪ್ಪಿಗೆಯಾಗಿ ಕೆಲಸವೂ ಸಿಕ್ಕಿತು. ಹಿರಿಯಾಕೆ ಈಗಲೂ ವಾರಕ್ಕೊಮ್ಮೆ ಮುಂಡರಗಿಗೆ ಹೋಗಿ ಗೆಳತಿಯ ತಲೆ ಬಾಚಿ ಬರುತ್ತಾರಂತೆ. ನನಗೆ ಮಾತ್ರ ಡಂಬಳಕ್ಕೆ ಮತ್ತೆ ಹೋಗಲು ಮುಖವಿಲ್ಲ.