ಉದ್ಘಾಟನೆಗೆ ಕಾಯದ ಮೇಡಂ

ಆಸಿಡ್ ಬಿದ್ದು ತೂತಾಗದ ಸೀರೆ ನಮ್ಮ ಗೈಡ್ ಮೇಡಂ ಬಳಿ ಒಂದೂ ಇರಲಿಲ್ಲ. ತೂತಿನ ಸುತ್ತ ಬಟ್ಟೆ ಕಂದಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನೇ ಉಟ್ಟು ಕುಲಪತಿಗಳ ಮೀಟಿಂಗಿಗೂ ಹೋಗುತ್ತಿದ್ದರು. ಭೀಮನಬೀಡಿನ ರೈತರ ಮನೆಯ ಮಗಳು. ಪಾಠ ಮಾಡುವಾಗ ಪುಸ್ತಕದ ಕನ್ನಡ, ಸಿಟ್ಟು ಬಂದರೆ ಊರಿನದು. ಸಿಟ್ಟು ದಿನವೂ ಬರುತ್ತಿತ್ತು.

ನಾನು ರಸಾಯನಶಾಸ್ತ್ರ ಎಂ.ಎಸ್ಸಿ.ಗೆ ಸೇರಿದ ಹೊಸದರಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ತಲೆಗೂದಲಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು. ಅವ್ವ ಚಾಮರಾಜನಗರದ ಗುಜರಿ ಅಂಗಡಿಯಿಂದ ಹಳೆಯ ವೈರು ತಂದು, ಉಮ್ಮತ್ತೂರಿನ ನಮ್ಮ ಹಿತ್ತಲಲ್ಲಿ ಸುಟ್ಟು, ಒಳಗಿನ ತಾಮ್ರ ತೆಗೆದುಕೊಡುತ್ತಿದ್ದಳು. ಒಂದು ದಿನ ಮೇಡಂ ನನ್ನ ಪಕ್ಕಕ್ಕೇ ಸ್ಟೂಲ್ ಎಳೆದುಕೊಂಡು ಕೂತು, "ಮನೇಲಿ ಏನಮ್ಮಿ ಸುಡ್ತೀರಿ?" ಎಂದರು. ಹೇಳುತ್ತ ಹೇಳುತ್ತ ನಾನು ಅತ್ತುಬಿಟ್ಟೆ.

"ಅಳ್ಬ್ಯಾಡ ಕಣಮ್ಮಿ. ನಾಚ್ಕೆ ಆಗ್ಬೇಕಾದ್ದು ನಿಂಗಲ್ಲ. ಲೋಹದ ಮರುಬಳಕೆ ಅಂತ ಇಲ್ಲಿ ಕುಂತ್ಕಂಡು ಪೇಪರ್ ಬರೀತೀವಲ್ಲ, ನಮ್ಗೆ."

ಅಂದಿನಿಂದ ಅವರ ಸಂಶೋಧನೆಯ ದಿಕ್ಕೇ ಬದಲಾಯಿತು. ವೈರನ್ನು ಸುಡದೆ, ಸಿಪ್ಪೆ ಸುಲಿದು ತಾಮ್ರ ಬಿಡಿಸುವ ಪುಟ್ಟ ಕೈಯಂತ್ರ ಮಾಡಿದರು. ಅವ್ವನನ್ನೇ ಲ್ಯಾಬಿಗೆ ಕರೆಸಿ, ಅವಳ ಕೈಗೆ ಹೊಂದುವ ತನಕ ಹಿಡಿಕೆ ಬದಲಿಸಿದರು. ಯಂತ್ರ ಸಿದ್ಧವಾಯಿತು. ಆದರೆ ಹೊರಗೆ ಕೊಡುವಂತಿಲ್ಲವಂತೆ! ಮಂತ್ರಿಗಳು ಬಂದು ಉದ್ಘಾಟಿಸಬೇಕಂತೆ! ಮಂತ್ರಿಗಳ ಡೇಟ್ ಸಿಗಲಿಲ್ಲ. ಯಂತ್ರ ಟೇಪು ಕಟ್ಟಿಸಿಕೊಂಡು ಗಾಜಿನ ಕೋಣೆಯಲ್ಲಿ ಕೂತಿತು. ಇತ್ತ ಅವ್ವ ಸುಡುತ್ತಲೇ ಇದ್ದಳು, ಕೆಮ್ಮುತ್ತಲೇ ಇದ್ದಳು. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬಂದಾಗ ಮೇಡಂ ರಿಜಿಸ್ಟ್ರಾರ್ ಕೋಣೆಗೆ ನುಗ್ಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಸ್ವಲ್ಪ ತಾಳ್ಮೆ ಇರಲಿ ಮೇಡಂ," ಎಂದರು ರಿಜಿಸ್ಟ್ರಾರ್.

"ನಿಮ್ ಮಂತ್ರಿ ಬರೋಗಂಟ ಆಯಮ್ಮ ಉಸ್ರು ಇಡ್ಕಂಡು ಕುಂತಿರ್ಬೇಕಾ?"

ಮಾರನೆಯ ದಿನವೇ ಅವ್ವನನ್ನು ಕರೆಸಿದರು. ವೈರು ಕತ್ತರಿಸುವ ಇಕ್ಕಳದಿಂದಲೇ ಅವ್ವ ಟೇಪು ಕತ್ತರಿಸಿದಳು. "ಆಯ್ತು ಕಣವ್ವ ಉದ್ಘಾಟನೆ. ನಡೀರಿ, ಓಗನ," ಎಂದ ಮೇಡಂ ಯಂತ್ರವನ್ನು ಗೂಡ್ಸ್ ಆಟೋಗೆ ಹಾಕಿಸಿ, ತಾವೂ ಅದರಲ್ಲೇ ಕೂತು ಉಮ್ಮತ್ತೂರಿಗೆ ಬಂದರು.

ಅದಕ್ಕೆ ಸಿಕ್ಕ ಬಹುಮಾನವೆಂದರೆ, ವಿಶ್ವವಿದ್ಯಾಲಯದ ಸೊತ್ತು ಸಾಗಿಸಿದರೆಂದು ನೋಟಿಸು. ಅವರ ಯೋಜನೆಯನ್ನೂ ಕಿತ್ತುಕೊಂಡರು. ನಿವೃತ್ತಿಯ ದಿನ ಒಂದು ಹಾರ ಹಾಕುವವರೂ ಇರಲಿಲ್ಲ. ಆಮೇಲೂ ನನ್ನನ್ನು ಮನೆಗೆ ಕರೆಸಿ ಪಿಎಚ್.ಡಿ. ಪ್ರಬಂಧ ತಿದ್ದಿದರು. ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರಿದ್ದು ಅವರಿಂದಲೇ.

ಕಳೆದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಸಂತಾಪ ಸಭೆಗೆ ಅವ್ವ ಹಠ ಹಿಡಿದು ನನ್ನ ಜೊತೆ ಬಂದಳು. ನೋಟಿಸು ಕೊಟ್ಟಿದ್ದ ಅದೇ ರಿಜಿಸ್ಟ್ರಾರ್ ವೇದಿಕೆಯ ಮೇಲೆ, "ಅವರ ಯಂತ್ರ ನಮ್ಮ ವಿಶ್ವವಿದ್ಯಾಲಯದ ಹೆಮ್ಮೆ" ಎಂದರು. ಕೊನೆಗೆ ಮೌನಾಚರಣೆ. ಎಲ್ಲರೂ ಎದ್ದು ನಿಂತರು. ಅವ್ವನಿಗೆ ಕೆಮ್ಮು ಬಂತು. ಸುಡುವುದು ನಿಂತಿದೆ, ಆದರೆ ಅಷ್ಟರಲ್ಲಿ ಅಂಟಿಕೊಂಡ ಕೆಮ್ಮು ಬಿಟ್ಟಿಲ್ಲ. ಬಾಯಿಗೆ ಕೈ ಒತ್ತಿಕೊಂಡು ತಡೆಯಲು ನೋಡಿದಳು. ಹೊರಗೆ ಕರೆದುಕೊಂಡು ಹೋಗಿ ಎಂದು ರಿಜಿಸ್ಟ್ರಾರ್ ನನಗೆ ಸನ್ನೆ ಮಾಡಿದರು.

ನಾನು ಅವ್ವನ ಬಾಯಿ ಮೇಲಿದ್ದ ಕೈಯನ್ನು ಹಿಡಿದು ಕೆಳಗಿಳಿಸಿದೆ.

"ಕೆಮ್ಮವ್ವ," ಎಂದೆ, ಸಭೆಗೆಲ್ಲ ಕೇಳುವಂತೆ. "ಚೆನ್ನಾಗಿ ಕೆಮ್ಮು."