ಸೋತವರ ಪಾಲಿನ ಕಾಳು

ಲವೀನಾ ಶ್ರಾಗ್ ತನ್ನ ಜೀವಮಾನದ ಫುಟ್‌ಬಾಲನ್ನೆಲ್ಲ ಕಿವಿಯಿಂದಲೇ ನೋಡಿದವಳು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಅದು. ಶರತ್ಕಾಲದ ಶನಿವಾರಗಳಲ್ಲಿ ಕಾರ್ಬಿನ್ ಫೋರ್ಕ್ ಊರಿಗೆ ಊರೇ ಕಾಲೇಜಿನ ಕ್ರೀಡಾಂಗಣದಲ್ಲಿ ಸೇರಿದರೆ, ಇವಳು ಗ್ಯಾಲರಿಯ ಕೆಳಗಿನ ಅಡುಗೆಮನೆಯಲ್ಲಿ ಆ ಊರಿಗೆಲ್ಲ ಸಾಸೇಜು ಬೇಯಿಸುತ್ತ ನಿಂತಿರುತ್ತಿದ್ದಳು. ತಲೆಯ ಮೇಲಿನ ಹಲಗೆಗಳು ಧಡಧಡ ಅಂದರೆ ನಮ್ಮ ಹುಡುಗರು ಮುನ್ನುಗ್ಗಿದ್ದಾರೆಂದು ಲೆಕ್ಕ. ಥಟ್ಟನೆ ಸದ್ದಡಗಿದರೆ ಯಾರದೋ ಕೈಯಿಂದ ಚೆಂಡು ಜಾರಿದೆ ಎಂದು ಲೆಕ್ಕ. ರಾತ್ರಿ ಊಟಕ್ಕೆ ಕೂತ ಗಂಡ ವಿಲ್ಬರ್ಟ್ ಪಂದ್ಯದ ಕಥೆ ತೆಗೆದರೆ, "ನಂಗೊತ್ತು ಬಿಡು, ಕೊನೇಲಿ ಎಲ್ರೂ ನನ್ ತಲೆ ಮೇಲೇ ಕುಣಿದ್ರಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳು ಕಣ್ಣಾರೆ ಕಾಣುತ್ತಿದ್ದದ್ದು ವರ್ಷಕ್ಕೊಂದೇ ಆಟ, ಏಪ್ರಿಲಿನ ವಸಂತದ ಪಂದ್ಯ. ಅದರಲ್ಲಿ ಬೇರೆ ಕಾಲೇಜಿನವರು ಬರುವುದಿಲ್ಲ. ನಮ್ಮದೇ ತಂಡವನ್ನು ಎರಡಾಗಿ ಒಡೆದು, ಒಂದು ಪಾಲಿಗೆ ಕೆಂಪಂಗಿ, ಇನ್ನೊಂದಕ್ಕೆ ಬಿಳಿಯಂಗಿ ತೊಡಿಸಿ ತಮ್ಮತಮ್ಮಲ್ಲೇ ಆಡಿಸುವುದು. ಟಿಕೆಟ್ಟೂ ಇಲ್ಲ, ಗೆದ್ದರೆ ಕಪ್ಪೂ ಇಲ್ಲ. ಅದರ ಬದಲು ಒಂದು ಊಟವಿತ್ತು. ಆಟ ಮುಗಿದ ಮೇಲೆ ಎರಡೂ ಪಾಲಿನವರು ಒಂದೇ ಮೇಜಿನಲ್ಲಿ ಎದುರುಬದುರು ಕೂರಬೇಕು. ಗೆದ್ದವರ ತಟ್ಟೆಗೆ ಸ್ಟೇಕ್ ಎಂಬ ಸುಟ್ಟ ಮಾಂಸದ ದಪ್ಪ ತುಂಡು, ಸೋತವರ ತಟ್ಟೆಗೆ ಬರೀ ಬೀನ್ಸ್ ಕಾಳು. ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ ಇದು. ಸೋತವರ ಕಾಳನ್ನು ಲವೀನಾ ಬೆಳಗ್ಗೆಯೇ ಬೇಯಿಸಿಟ್ಟು, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಮೇಲೆ ಹೋಗಿ ಗಂಡನ ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಆ ಮಧ್ಯಾಹ್ನ ಅವಳನ್ನು ಮಾತನಾಡಿಸಲು ಯಾರಿಗೂ ಧೈರ್ಯವಿರಲಿಲ್ಲ.

ಇಂಥ ಪಂದ್ಯಕ್ಕೇ ಕಲ್ಲು ಬೀಳುವ ಹೊತ್ತು ಬಂತು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಕೋಚ್ ಪ್ರುಯಿಟ್ ಅಡುಗೆಮನೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ಮದುವೆಯಾದವಳಾದರೂ ಊರಿನವರೆಲ್ಲ ಗೌರವಕ್ಕೆ ಅವಳನ್ನು ಮಿಸ್ ಎಂದೇ ಕರೆಯುತ್ತಿದ್ದರು.

"ಮಿಸ್ ಲವೀನಾ, ಈ ಸಲ ವಸಂತದ ಪಂದ್ಯ ಬೇಡ ಅಂತ ಇದೀನಿ."

"ಯಾಕಂತೆ? ಹುಡುಗ್ರಿಗೆ ಪೆಟ್ಟಾಗತ್ತೆ ಅಂತಾನಾ? ಇಲ್ಲಾ, ದೊಡ್ಡ ಕಾಲೇಜಿನೋರು ಚೆನ್ನಾಗಿ ಆಡೋರ್ನ ನೋಡ್ಕೊಂಡು ಎಗರಿಸ್ಬಿಡ್ತಾರೆ ಅಂತಾನಾ?"

"ಅವೂ ಇವೆ ಅನ್ನಿ. ಆದ್ರೆ ಅಸಲು ಕಾರಣ ನಿಮ್ಮ ಕಾಳು."

"ಏನಾಗಿದೆ ನನ್ ಕಾಳಿಗೆ?"

"ಏನೂ ಆಗಿಲ್ಲ, ಅದೇ ತೊಂದ್ರೆ. ಹೋದ ವರ್ಷ ಎರಡೂ ಕಡೆಯೋರು ಸೋಲಕ್ಕೇ ಆಡಿದ್ರು, ಗೊತ್ತಾ? ಆ ಮಾಲಕೈ ಇದಾನಲ್ಲ, ಕಬ್ಬಿಣದ ಬೀರು ಇದ್ದಂಗೆ ಇದಾನೆ, ಯಾರೂ ಮುಟ್ದೇನೇ ಉರುಳ್ಕೊಂಡ! ಯಾಕೋ ಅಂದ್ರೆ, 'ಕೋಚ್, ಆ ಸ್ಟೇಕ್ ಅಗಿದ್ರೆ ದವಡೆ ಕೈಗೆ ಬರತ್ತೆ, ಕಾಳಾದ್ರೆ ಮೂರು ತಟ್ಟೆ ಹೊಡೀಬಹುದು' ಅಂತಾನೆ. ಇದನ್ನ ನೋಡಕ್ಕೆ ಜನ ಯಾಕೆ ಕೂರ್ತಾರೆ? ಅರ್ಧಕ್ಕೇ ಎದ್ದು ಹೋದ್ರು."

ಲವೀನಾಗೆ ಮೊದಲು ನಗು ಬಂತು. ಸ್ಟೇಕನ್ನು ಪೇಟೆಯ ಯಾವುದೋ ಹೋಟೆಲಿನವರು ಉಚಿತವಾಗಿ ಕಳಿಸುತ್ತಿದ್ದರು, ಉಚಿತಕ್ಕೆ ತಕ್ಕಂತೆಯೇ ಇರುತ್ತಿತ್ತು ಅದು. ಇವಳ ಕಾಳೋ, ಹಿಂದಿನ ದಿನವೇ ನೆನೆಹಾಕಿ, ಹೊಗೆಯಲ್ಲಿ ಒಣಗಿಸಿದ ಹಂದಿಯ ಮೂಳೆ ಹಾಕಿ, ಈರುಳ್ಳಿ, ಸಾಸಿವೆ, ಕಾಕಂಬಿ ಬೆರೆಸಿ, ಸಣ್ಣ ಉರಿಯಲ್ಲಿ ಕೂತು ಕಾಯ್ದು ಮಾಡಿದ್ದು. ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಒಂಚೂರು ಉಪ್ಪು ಜಾಸ್ತಿ ಬಿದ್ರೆ..." ಎಂದು ಕೋಚ್ ರಾಗ ಎಳೆದ.

"ಕೋಚ್, ಆ ಮಾತು ಇನ್ನೊಂದ್ಸಲ ಆಡಿದ್ರೆ, ಈ ಸೌಟು ನೋಡಿದೀರಲ್ಲ!"

ಅವನು ಹೋದ ಮೇಲೆ ಅವಳು ಆ ಮಾತನ್ನೇ ಮೆಲುಕು ಹಾಕಿದಳು. ಚೆನ್ನಾಗಿ ಅಡುಗೆ ಮಾಡಿ ಊರಿನ ಆಟ ಕೆಡಿಸಿದವಳು ಎನ್ನಿಸಿಕೊಳ್ಳುವುದೆಂದರೇನು! ಬೇಕೆಂದೇ ಕೆಟ್ಟದಾಗಿ ಬೇಯಿಸುವುದು ಅವಳ ಕೈಲಿ ಆಗದ ಕೆಲಸ. ಹಾಗೆಂದು ವರ್ಷಕ್ಕೊಂದು ಮಧ್ಯಾಹ್ನವನ್ನು ಬಿಟ್ಟುಕೊಡುವುದೂ ಆಗದು. ಸಂಜೆ ವಿಲ್ಬರ್ಟ್‌ನ ಮುಂದೆ ತೋಡಿಕೊಂಡಳು.

"ಆ ಕಾಳಿನ ಹೆಸರು ಊರಿಗೆಲ್ಲ ಗೊತ್ತು ಕಣೆ," ಎಂದ ಅವನು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ತಿನ್ನೋ ಯೋಗ ಮಾತ್ರ ಸೋತ ಪುಂಡ್ರಿಗೆ."

ಲವೀನಾ ಚಮಚ ಕೆಳಗಿಟ್ಟಳು. ಮರುದಿನ ಕೋಚ್‌ನ ಆಫೀಸಿಗೆ ಏಪ್ರನ್ನಿನಲ್ಲೇ ನುಗ್ಗಿದಳು.

"ಪದ್ಧತಿ ತಿರುಗಿಸಿ ಕೋಚ್. ಗೆದ್ದೋರಿಗೆ ಕಾಳು, ಸೋತೋರಿಗೆ ನಿಮ್ಮ ಆ ಚಪ್ಪಲಿ ಸ್ಟೇಕು. ಬರೀ ಹುಡುಗ್ರಿಗಲ್ಲ, ನೋಡಕ್ಕೆ ಬಂದೋರಿಗೆಲ್ಲ ಒಂದೊಂದು ತಟ್ಟೆ ಕಾಳು. ಸೋತೋರು ಏಪ್ರನ್ ಕಟ್ಕೊಂಡು ಊರಿಗೆಲ್ಲ ಬಡಿಸ್ಲಿ."

"ಜನ ಬರ್ತಾರಾ?"

"ಊಟ ಅಂದ್ರೆ ಬರ್ದೇ ಇರ್ತಾರಾ? ಆ ಹೆಲ್ಮೆಟ್ ಒಳಗೆ ಯಾವನಿದಾನೆ ಅಂತ ಈ ಊರಿಗೆ ಗೊತ್ತೇ ಇಲ್ಲ. ಬಡಿಸೋವಾಗ ಮುಖ ಆದ್ರೂ ನೋಡ್ಲಿ, ನಾಲ್ಕು ಮಾತಾಡ್ಲಿ. ನಾಳೆ ದೊಡ್ಡ ಕಾಲೇಜಿನೋರು ಕರೆದ್ರೂ ಹುಡುಗ್ರಿಗೆ ಬಿಟ್ಟು ಹೋಗಕ್ಕೆ ಒಂದಿಷ್ಟು ಸಂಕೋಚ ಆಗ್ಲಿ."

ಕೋಚ್ ಗಲ್ಲ ಕೆರೆದುಕೊಂಡು, ಕೊನೆಗೆ ಆಗಲಿ ಎಂದ. ಲವೀನಾ ಗೆದ್ದ ಹುರುಪಿನಲ್ಲಿ ಮನೆಗೆ ಬಂದಳು. ಆದರೆ ಆ ಹುರುಪಿನಲ್ಲಿ ಒಂದು ವಿಷಯ ಅವಳಿಗೆ ಹೊಳೆದೇ ಇರಲಿಲ್ಲ.

ಅದು ಹೊಳೆದದ್ದು ಪಂದ್ಯದ ಹಿಂದಿನ ದಿನ, ಊರಿನ ಚರ್ಚುಗಳಿಂದೆಲ್ಲ ಎರವಲು ತಂದ ದೊಡ್ಡ ದೊಡ್ಡ ಪಾತ್ರೆಗಳನ್ನು ಒಲೆಗಳ ಮೇಲೆ ಸಾಲಾಗಿ ಇಟ್ಟಾಗ. ಒಂದು ಪಾತ್ರೆಯನ್ನಾದರೆ ಬೆಳಗ್ಗೆ ಮುಗಿಸಿ ಏಳಬಹುದು. ಊರಿಗೆಲ್ಲ ಆಗುವಷ್ಟು ಕಾಳು ಬೇಯಲು ಪಂದ್ಯದ ದಿನ ಸಂಜೆಯೇ ಆಗುತ್ತದೆ, ಅಲ್ಲಿಯವರೆಗೂ ತಿರುವುತ್ತಲೇ ಇರಬೇಕು. ಸೌಟು ಹಿಡಿದು ಪಾತ್ರೆಗಳನ್ನು ಇನ್ನೊಮ್ಮೆ ಎಣಿಸಿದಳು. ಪಂದ್ಯ ಉಳಿಸಲು ಹೋಗಿ ತನ್ನ ಜಾಗ ತಾನೇ ಕಳೆದುಕೊಂಡಿದ್ದಳು! ಯಾರ ಹತ್ತಿರ ಹೇಳಿಕೊಳ್ಳುವುದು? ತಾನೇ ತೋಡಿದ ಹಳ್ಳ. ವಿಲ್ಬರ್ಟ್‌ಗೆ ಮಾತ್ರ, "ನೀನು ಹೋಗಿ ಕೂತ್ಕೋ, ನಾನು ಆಮೇಲೆ ಬರ್ತೀನಿ" ಎಂದಳು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಪಂದ್ಯದ ದಿನ ಬಂದ ಜನವೋ ಜನ. ಅಜ್ಜಿಯರು ಮನೆಯಿಂದಲೇ ಬಟ್ಟಲು ಹಿಡಿದುಕೊಂಡು ಬಂದಿದ್ದರು. ತಲೆಯ ಮೇಲಿನ ಹಲಗೆಗಳು ಮೊದಲ ಶೀಟಿಯಿಂದಲೇ ಗುಡುಗತೊಡಗಿದವು. ಲವೀನಾ ಪಾತ್ರೆಯಿಂದ ಪಾತ್ರೆಗೆ ಓಡಾಡುತ್ತ ಕಿವಿಯಿಂದಲೇ ನೋಡಿದಳು. ಈ ಸಲ ಹುಡುಗರು ನಿಜವಾಗಿಯೂ ಆಡುತ್ತಿದ್ದರು. ಅವಳಿಗೆ ಹೆಮ್ಮೆಯಾಯಿತು, ಅಳುವೂ ಬಂತು. ಎರಡರ ಕಣ್ಣೀರನ್ನೂ ಈರುಳ್ಳಿಯ ತಲೆಗೆ ಕಟ್ಟಿದಳು.

ಕೊನೆಯ ಕಾಲುಭಾಗದ ಆಟ ಉಳಿದಿದೆ ಎನ್ನುವಾಗ ಬಾಗಿಲು ತೆರೆಯಿತು. ಕೊರಳಲ್ಲಿ ಶೀಟಿ ನೇತಾಡಿಸಿಕೊಂಡು ಕೋಚ್ ಪ್ರುಯಿಟ್ ಒಳಗೆ ಬಂದ.

"ಅಯ್ಯೋ, ಮೈದಾನ ಬಿಟ್ಟು ಇಲ್ಲೇನ್ ಮಾಡ್ತಿದೀರಿ?"

"ಎರಡೂ ತಂಡ ನಂದೇ. ಯಾರ ಕಡೆ ನಿಂತು ಕೂಗ್ಲಿ? ವರ್ಷದಲ್ಲಿ ಇದೊಂದು ಆಟ ನಾನು ಸೋಲಲ್ಲ. ಸೌಟು ಕೊಡಿ ಇಲ್ಲಿ."

"ನಿಮ್ಗೆ ಬರಲ್ಲ, ತಳ ಹಿಡಿಯತ್ತೆ."

"ನಿಮ್ಮ ಯಜಮಾನ್ರ ಪಕ್ಕದಲ್ಲಿ ಅವರ ಟೋಪಿ ಕೂತಿದೆ, ಮಿಸ್ ಲವೀನಾ. ಯಾರೇ ಬಂದ್ರೂ 'ಜಾಗ ಇದೆ, ಆದ್ರೆ ಇಲ್ಲ' ಅಂತಿದಾರೆ. ನಂಗೆ ನೋಡಕ್ಕಾಗ್ಲಿಲ್ಲ. ಹೋಗಿ."

ಅವಳು ಸೌಟು ಬಿಡಲಿಲ್ಲ. ಅವನೇ ಮೆಲ್ಲಗೆ ಬಿಡಿಸಿಕೊಂಡ. "ತಳಕ್ಕೆ ತಾಗೋ ಹಂಗೆ ತಿರುವ್ಬೇಕು, ಮೇಲ್ಮೇಲೆ ಅಲ್ಲ," ಎಂದು ಅವಳು ಬಾಗಿಲಿನಿಂದಲೇ ಕೂಗಿ, ಏಪ್ರನ್ ಬಿಚ್ಚುವುದನ್ನೂ ಮರೆತು ಮೆಟ್ಟಿಲು ಹತ್ತಿದಳು.

ವಿಲ್ಬರ್ಟ್ ಟೋಪಿ ಎತ್ತಿ ತಲೆಗೆ ಹಾಕಿಕೊಂಡ. ಎಷ್ಟು ಬಿಸಿಲು, ಎಷ್ಟು ಹಸಿರು! ಎರಡೂ ಕಡೆಗೆ ಸಮಸಮ ನಡೆದಿತ್ತು. ಲವೀನಾ ಮೊಣಕಾಲಿನ ಮೇಲೆ ಕೈ ಊರಿ ಕಣ್ಣು ಮಿಟುಕಿಸದೆ ನೋಡಿದಳು. ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ಕಾಲಡಿಯ ಹಲಗೆಗಳ ಸಂದಿಯಿಂದ ಒಂದು ವಾಸನೆ ಮೇಲೆದ್ದಿತು.

ವಿಲ್ಬರ್ಟ್ ಮೂಗು ಅರಳಿಸಿದ. "ಏನೋ ಸೀದಂಗಿದೆಯಲ್ಲೇ?"

"ಹೂಂ. ತಳ ಹಿಡೀತು."

ಅವಳ ಕಾಲುಗಳು ತಾವಾಗಿಯೇ ಅರ್ಧ ಎದ್ದಿದ್ದವು. ಅಷ್ಟರಲ್ಲಿ ಮೈದಾನದಲ್ಲಿ ಯಾರದೋ ಕೈಯಿಂದ ಜಾರಿದ ಚೆಂಡು ಮಾಲಕೈನ ಎದೆಗೆ ಬಂದು ಬಿತ್ತು. ಜನ್ಮದಲ್ಲಿ ಚೆಂಡು ಹಿಡಿದು ಓಡಿದವನಲ್ಲ ಅವನು, ಆ ಕಬ್ಬಿಣದ ಬೀರು. ಒಂದು ಕ್ಷಣ ಗಾಬರಿಯಿಂದ ಅದನ್ನೇ ನೋಡಿದ, ಆಮೇಲೆ ಇಬ್ಬರು ಕೆಂಪಂಗಿಯವರನ್ನು ಬೆನ್ನಿಗೆ ಅಂಟಿಸಿಕೊಂಡೇ ಓಡತೊಡಗಿದ.

ಲವೀನಾ ಮತ್ತೆ ಕೂತಳು. ಕೂತವಳು ಎರಡೂ ಕಾಲುಗಳಿಂದ ಹಲಗೆಯನ್ನು ಧಡಧಡ ಅಪ್ಪಳಿಸಿದಳು, ಹುಡುಗರು ಮುನ್ನುಗ್ಗಿದ್ದಾರೆಂದು ಕೆಳಗೆ ಒಲೆಯ ಮುಂದೆ ನಿಂತವನಿಗೆ ಗೊತ್ತಾಗಲಿ ಎಂದು.